ಒಂದು ಅಗುಳಿನ ಪರೀಕ್ಷೆ

ಬೆಂದ ಅನ್ನದ ಒಂದು ಅಗುಳನ್ನು ಹಿಚುಕಿ ನೋಡಿ, ಪಾತ್ರೆಯೊಳಗಿನ ಅನ್ನವೆಲ್ಲವೂ ಬೆಂದಿತೆಂದು ನಿಶ್ಚಯಿಸುವುದನ್ನು ಶಾಸ್ತ್ರಜ್ಞರು ಸ್ಥಾಲೀಪುಲಾಕನ್ಯಾಯವೆಂದು ಕರೆಯುತ್ತಾರೆ. ಅಡಿಗೆಮನೆಯಲ್ಲಿ ಇದು ಸರಿಯಾದ ನ್ಯಾಯವೇ ಸರಿ. ಮನುಷ್ಯರ ವಿಷಯದಲ್ಲಿ ಇದು ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಣೀಯವು.

ತೊಗರ್ಸಿಯ ವೃದ್ಧ ಗೃಹಸ್ಥರೊಬ್ಬರು ತಮ್ಮ ಮೊಮ್ಮಗಳಿಗೆ ಬಂದ ಸಂಬಂಧವೊಂದನ್ನು ವಿಚಾರಿಸಲು ಶಿರಾಳಕೊಪ್ಪಕ್ಕೆ ಹೋಗಿದ್ದರು. ವರನು ಉಪಾಧ್ಯಾಯನು, ಅವನ ತಂದೆಯು ಅಕ್ಕಿಯ ಗಿರಣಿಯಲ್ಲಿ ಮೂಟೆ ಹೊತ್ತು ಮಗನನ್ನು ಓದಿಸಿದವನು. ಆತನ ಒರಟು ಮಾತು, ಹೊರಗೆ ಹೊರಟವನಂತೆ ನಿಂತೇ ಇದ್ದ ರೀತಿ, ಇವು ವೃದ್ಧರಿಗೆ ಹಿಡಿಸಲಿಲ್ಲ. ಅರ್ಧ ಕಾಫಿ ಕುಡಿದು ಎದ್ದುಬಂದರು. “ಪರೀಕ್ಷೆಗೆ ಒಂದು ಅಗುಳು ಸಾಲದೆ?” ಎಂದು ಮನೆಯಲ್ಲಿ ನುಡಿದರು. ವರನೊಡನೆ ಅವರು ನಾಲ್ಕು ಮಾತನ್ನೂ ಆಡಿರಲಿಲ್ಲ.

ಮೊಮ್ಮಗಳು ಎದುರಾಡಲಿಲ್ಲ. ಕಣ್ಣು ಮಂದವಾದ ಅಜ್ಜನಿಗೆ ರಾತ್ರಿ ಊಟವಾದ ಮೇಲೆ ಕಥೆ ಹೇಳುವುದು ಅವಳ ವಾಡಿಕೆಯಾಗಿದ್ದಿತು. ಅಂದು ಆಂಗ್ಲ ಲೇಖಕಿ ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಕಥೆಯನ್ನು ತೊಡಗಿದಳು. ಧನಿಕನಾದ ಡಾರ್ಸಿಯು ಎಲಿಜಬೆತ್ತಳ ತಾಯಿಯ ವಾಚಾಳಿತನವನ್ನೂ, ಅವಳ ಸೋದರಮಾವನು ವ್ಯಾಪಾರಿಯೆಂಬುದನ್ನೂ ಮುಂದಿಟ್ಟುಕೊಂಡು ಆ ಕುಟುಂಬವನ್ನೇ ಹೀನವೆಂದೆಣಿಸುತ್ತಾನೆ. ಅವಳಾದರೋ ಒಂದು ಸಂಜೆಯ ಅವನ ಬಿಗುಮಾನವನ್ನು ಕಂಡು, ವಿಕ್‌ಹ್ಯಾಮನೆಂಬ ಸುಳ್ಳನ ಮಾತನ್ನು ನಂಬಿ, ಅವನನ್ನು ದುಷ್ಟನೆಂದೇ ತಿಳಿಯುತ್ತಾಳೆ. ಮುಂದೆ ಅವನ ಪತ್ರವನ್ನೋದಿ ಇವಳು ನಾಚುತ್ತಾಳೆ. ಅದೇ ಸೋದರಮಾವನನ್ನು ಕಂಡು ಮಾತನಾಡಿದ ಮೇಲೆ ಅವನೂ ಸಜ್ಜನನನ್ನು ಗುರುತಿಸುತ್ತಾನೆ.

“ವ್ಯಾಪಾರಿಯಾದ ಮಾತ್ರಕ್ಕೆ ಮನುಷ್ಯನು ಕೀಳಾದನೇ!” ಎಂದು ವೃದ್ಧರು ಕೆರಳಿದರು.

“ಮೂಟೆ ಹೊತ್ತ ಮಾತ್ರಕ್ಕೆ, ಅಜ್ಜಯ್ಯ?” ಎಂದಳು ಮೊಮ್ಮಗಳು.

ಅವರು ಸುಮ್ಮನಾದರು. ನಮ್ಮ ಜಿಲ್ಲೆಯವರೇ ಆದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅವರಿಗೆ ಪ್ರಿಯವಾದ ಗ್ರಂಥವು. ಒಲ್ಲದ ಮದುವೆಯನ್ನು ತಪ್ಪಿಸಿಕೊಳ್ಳಲು ಕಾಡುಹೊಕ್ಕ ಗೌಡರ ಮನೆಯ ಚಿನ್ನಮ್ಮನನ್ನು ಅವರು ಧೀರೆಯೆಂದು ಕೊಂಡಾಡಿದ್ದುಂಟು. ಆಳುಗಳ ಕೇರಿಯ ತಿಮ್ಮಿಯು ಗುತ್ತಿಯೊಡನೆ ಹೊರಟುದನ್ನು ಮಾತ್ರ ಓಡಿಹೋದಳೆಂದೇ ಹೇಳುತ್ತಿದ್ದರು. ಇಬ್ಬರಿಗೂ ಒಂದೇ ಸಂಕಟ, ಒಂದೇ ಎದೆಗಾರಿಕೆ. ಹೆಸರು ಮಾತ್ರ ಮನೆತನವನ್ನು ನೋಡಿ ಬೇರೆಯಾಯಿತು. ಆ ರಾತ್ರಿ ಅವರಿಗೆ ಇದು ಹೊಳೆಯಿತು.

ಅನ್ನದ ಅಗುಳುಗಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದವು, ಮನುಷ್ಯರು ಹಾಗಲ್ಲ. ತಂದೆಯ ಒಂದು ಮಾತಿನಿಂದ ಮಗನನ್ನಾಗಲಿ, ಒಂದು ದಿನದ ನಡೆಯಿಂದ ಒಂದು ಜೀವವನ್ನಾಗಲಿ ಅಳೆಯಲಾಗದು. ಆದುದರಿಂದಲೇ ಇನ್ನೂರು ವರುಷ ಕಳೆದರೂ ಆ ಕಥೆಯು ಮುದಿಯಾಗಿಲ್ಲ.

ಮರುದಿನ ಬೆಳಿಗ್ಗೆ ವೃದ್ಧರು ಮತ್ತೆ ಶಿರಾಳಕೊಪ್ಪದ ಬಸ್ಸನ್ನು ಹಿಡಿದರು. ಸಂಬಂಧವು ಕೂಡುವುದೋ ಬಿಡುವುದೋ ಬೇರೆ ಮಾತು. ಈ ಸಲ ಕಾಫಿಯನ್ನು ಪೂರ್ತಿಯಾಗಿ ಕುಡಿದು ಬರುವೆನೆಂದು ಮೊಮ್ಮಗಳಿಗೆ ಹೇಳಿಯೇ ಹೊರಟರು.