ಒಂದರಿಯೂ ಮೊರವೂ

ಅಡಿಗೆಮನೆಯ ಗೂಟದಲ್ಲಿ ತೂಗುವ ಒಂದರಿಗೂ ಮೊರಕ್ಕೂ ಕೆಲಸ ಬೇರೆ ಬೇರೆ ಎಂಬುದನ್ನು ಮನೆಯೊಡತಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದರಿಯು ಕೇಳುವುದು ಒಂದೇ ಮಾತು: ಈ ಕಣವು ತನ್ನ ಕಣ್ಣಿನಲ್ಲಿ ನುಸುಳುವುದೋ ಇಲ್ಲವೋ? ಮೊರವಾದರೋ ತೂಕವನ್ನು ನೋಡುವುದು. ಗಟ್ಟಿಕಾಳನ್ನು ಉಳಿಸಿಕೊಂಡು ಜೊಳ್ಳನ್ನು ತೂರುವುದು. ಇಷ್ಟನ್ನು ಬಲ್ಲವರಿಗೆ ಲೂಸೀನ್ ಎಂಬ ತಂತ್ರಾಂಶದ ವ್ಯಾಜ್ಯವು ಅರ್ಧ ತಿಳಿದಂತೆಯೇ ಸರಿ.

ಕಡತಗಳ ರಾಶಿಯಲ್ಲಿ ಬೇಕಾದುದನ್ನು ಹುಡುಕಿಕೊಡುವ ಈ ತಂತ್ರಾಂಶವನ್ನು ಮೊದಲು ಬರೆದವನು ಅಮೆರಿಕದ ಡಗ್ ಕಟಿಂಗ್; ಹೆಸರು ಅವನ ಹೆಂಡತಿಯ ನಡುಹೆಸರು. 2001ರಲ್ಲಿ ಅದು ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂದಿತು. ಅದರ ಒಳಗುಟ್ಟೆಲ್ಲವೂ ಬಯಲಾಗಿರುವುದರಿಂದ ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಅಜ್ಜನ ಕಾಲದ ಬಾವಿಯ ವ್ಯಾಜ್ಯವನ್ನು ಹುಡುಕುವವನೊಬ್ಬನಿದ್ದಾನೆಂದು ಭಾವಿಸೋಣ. ಸಂಗ್ರಹದಲ್ಲಿ 10 ಲಕ್ಷ ಕಡತಗಳು. ಅವನಿಗೆ ಬೇಕಾದುವು 1931ನೆಯ ಇಸವಿಯವು ಮಾತ್ರ. 'ಬಾವಿ' ಎಂಬ ಮಾತು ಎಲ್ಲಿ ಹೆಚ್ಚು ಮುಖ್ಯವಾಗಿ ಬಂದಿದೆಯೆಂದು ಮೊರವು ತೂಗಬೇಕು, ಇಸವಿಗೆ ತೂಕವೇಕೆ? ಅದಕ್ಕೂ ತೂಕ ಕೊಟ್ಟರೆ, ಇಸವಿಯ ಬಲದಿಂದಲೇ ಕೆಲಸಕ್ಕೆ ಬಾರದ ಕಾಗದವು ಮೇಲೇರಿ, ಅಜ್ಜನ ಕಾಗದವು ಅಡಿಗೆ ಬಿದ್ದೀತು. ಆದುದರಿಂದ ಲೂಸೀನಿನಲ್ಲಿ 'ಫಿಲ್ಟರ್' ಎಂಬ ಪ್ರತ್ಯೇಕ ಒಂದರಿಯನ್ನಿಟ್ಟಿದ್ದರು. ಕಡತವೊಂದಕ್ಕೆ ಒಂದು ಬಿಟ್: ಇದೆ, ಇಲ್ಲ. 10 ಲಕ್ಷ ಕಡತಗಳಿಗೆ 1,25,000 ಬೈಟುಗಳಾದರೆ ಸಾಕು.

ಆದರೆ ನಾಲ್ಕೇ ಕಡತಗಳು ಒಪ್ಪಿದರೂ ಸಾಲು ಪೂರ್ತಿ ಬೇಕಷ್ಟೆ! ಇದಕ್ಕೆ ಕಂಡುಕೊಂಡ ಉಪಾಯವು ಸೊಗಸಾದುದು. ಕಡತಗಳನ್ನು 65,536ರ ಕಂತೆಗಳಾಗಿ ಒಡೆದು, ಕಂತೆಯಲ್ಲಿ ಒಪ್ಪಿದುವು 4,096ಕ್ಕಿಂತ ಕಡಿಮೆಯಾದರೆ ಅವುಗಳ ಸಂಖ್ಯೆಗಳನ್ನೇ ಎರಡೆರಡು ಬೈಟುಗಳಲ್ಲಿ ಬರೆದಿಡುವುದು. 4,096 ಎಂಬುದು ಬಾಯಿಗೆ ಬಂದ ಅಂಕೆಯಲ್ಲ. ಅದರ ಇಮ್ಮಡಿ 8,192. 65,536 ಬಿಟ್ಟುಗಳಿಗೆ ಬೇಕಾದ ಬೈಟುಗಳೂ ಅಷ್ಟೇ.

ನಿಜವಾದ ತೊಡಕು ಬೇರೆಡೆಯಲ್ಲಿತ್ತು. ಒಂದೇ ಕೆಲಸಕ್ಕೆ ಎರಡು ಪಾತ್ರೆಗಳು: ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಕೇಳುವುದಕ್ಕೆ ಮೊರದ ರೂಪದ್ದೊಂದು, ಒಂದರಿಯ ರೂಪದ್ದೊಂದು. ಮೊದಲು ಯಾವುದನ್ನು ಹಿಡಿಯಬೇಕೆಂಬ ನಿರ್ಣಯವನ್ನೂ ಬಳಸುವವನ ತಲೆಗೇ ಕಟ್ಟಿದ್ದರು. ಒಳಗಿನ ಲೆಕ್ಕವನ್ನು ಎಲ್ಲರಿಗಿಂತ ಕಡಿಮೆ ಬಲ್ಲವನು ಅವನೇ!

2015ರಲ್ಲಿ, 5.1ನೆಯ ಆವೃತ್ತಿಯಲ್ಲಿ, ಯಾವ ಪ್ರಶ್ನೆಯನ್ನಾದರೂ 'ಒಪ್ಪಲೇಬೇಕು, ಆದರೆ ತೂಕಕ್ಕಿಲ್ಲ' ಎಂಬ ಷರತ್ತಿನಿಂದ ಕೇಳುವ ಏರ್ಪಾಡು ಬಂದಿತು. 2016ರ 6.0ರಲ್ಲಿ ಹಳೆಯ ಒಂದರಿಯನ್ನು ತೆಗೆದೇ ಹಾಕಿದರು. ಅದನ್ನೇ ನಂಬಿ ತಮ್ಮ ತಮ್ಮ ಒಂದರಿಗಳನ್ನು ಹೆಣೆದುಕೊಂಡಿದ್ದವರು ಎಲ್ಲವನ್ನೂ ಬಿಚ್ಚಿ ಹೊಸದಾಗಿ ಹೆಣೆಯಬೇಕಾಯಿತು. ಅವರ ಅಸಮಾಧಾನವು ಅನ್ಯಾಯದ್ದೆನ್ನಲಾಗದು. ಆದರೂ ಎರಡನ್ನೂ ಉಳಿಸಿಕೊಂಡಿದ್ದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವ ಭಯವು ತಪ್ಪುತ್ತಿರಲಿಲ್ಲ.

ಈಗ ಸರದಿಯನ್ನು ತಂತ್ರಾಂಶವೇ ನೋಡಿಕೊಳ್ಳುವುದು. ಅತಿ ಕಡಿಮೆ ಕಡತಗಳನ್ನು ಒಪ್ಪುವ ಷರತ್ತು ಮುಂದೆ ನಡೆಯುವುದು. ಶ್ರಮದ ಪರೀಕ್ಷೆ ಕೊನೆಗೆ. 'ಬಾವಿಯ ವ್ಯಾಜ್ಯ' ಎಂಬ ಜೋಡಿಮಾತನ್ನು ಕೇಳಿದರೆ, ಎರಡು ಮಾತುಗಳೂ ಇರುವ ಕಡತಗಳನ್ನು ಮೊದಲು ಆರಿಸಿ, ಉಳಿದ ಷರತ್ತುಗಳನ್ನೂ ದಾಟಿದವುಗಳಲ್ಲಿ ಮಾತ್ರ ಅವು ಪಕ್ಕಪಕ್ಕದಲ್ಲಿವೆಯೇ ಎಂದು ನೋಡುವುದು. ಪದೇಪದೇ ಕೇಳುವ ಷರತ್ತಿನ ಉತ್ತರವನ್ನು ಅದು ಕೂಡಿಡಬಲ್ಲದು. ಬರಿಯ ಒಂದು ಪದದ ಹುಡುಕಾಟವನ್ನು ಮಾತ್ರ ಕೂಡಿಡುವುದಿಲ್ಲ. ಆ ಪದವುಳ್ಳ ಕಡತಗಳ ಪಟ್ಟಿ ಮೊದಲೇ ಸಿದ್ಧವಾಗಿರುವುದಲ್ಲವೆ!