ಎಂಟು ಎಳೆ, ಎರಡು ಬಾಗಿಲು

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಯಂತ್ರದ ಮಾತೇಕೆ ಎಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ನನ್ನ ಎದೆಯಲ್ಲಿ ಬಹುಕಾಲ ಮುಳ್ಳಾಗಿದ್ದ ಒಂದು ಮಾತು ಈ ಯಂತ್ರದೊಡನೆ ತಳಕು ಹಾಕಿಕೊಂಡಿರುವುದೇ ಕಾರಣ.

ಜತ್ತ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಮುಖ್ಯಾಧ್ಯಾಪಕನಾಗಿದ್ದಾಗ, ಗಣಿತದಲ್ಲಿ ಚುರುಕಾಗಿದ್ದ ಹುಡುಗನೊಬ್ಬನ ತಂದೆಯನ್ನು ಕರೆಸಿ, "ಕನ್ನಡದಾಗ ಓದಿದರ ಇವಗ ಮುಂದ ವಿಜ್ಞಾನ ದಕ್ಕೂದಿಲ್ಲ, ಮರಾಠಿ ಸಾಲಿಗೆ ಹಾಕ್ರಿ" ಎಂದಿದ್ದೆ. ಕನ್ನಡದ ಅನ್ನ ಉಣ್ಣುತ್ತಿದ್ದವನೇ ಆಡಿದ ಮಾತದು. ಅವರು ಕೇಳಲಿಲ್ಲ. ಹುಡುಗ ನಮ್ಮಲ್ಲಿಯೇ ಓದಿ, ಸಾಂಗಲಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದ.

ಕಳೆದ ದೀಪಾವಳಿಯಲ್ಲಿ ಮಗಳಿಗೆ ತಂಬೂರಿ ಕೊಳ್ಳಲು ಮಿರಜಿಗೆ ಬಂದವನು ನನ್ನನ್ನೂ ಸತಾರಮೇಕರ ಗಲ್ಲಿಗೆ ಕರೆದೊಯ್ದ. ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿರುವುದನ್ನು ವಾಚಕರು ಬಲ್ಲರು. ಅಂಗಡಿಯ ಕಟ್ಟೆಯ ಮೇಲೆ ಕುಳಿತು, "ನಿನ್ನ ಕೆಲಸ ಏನಪಾ?" ಎಂದೆ.

"ಪ್ರೋಗ್ರಾಮ್ ಕೊಟ್ಟರ ಅದರಿಂದನ ಯಂತ್ರ ತಯಾರ ಆಗೂ ಹಂಗ ಮಾಡೂದ್ರಿ, ಗುರುಗಳ."

ಆತ ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಸಾಮಾನ್ಯ ಕಂಪ್ಯೂಟರಿನ ಪ್ರೊಸೆಸರ್ ಹಾರ್ಮೋನಿಯಂ ಇದ್ದಂತೆ. ಯಾವ ಹಾಡಿಗಾದರೂ ಆದೀತು. ಆದರೆ ಅದು ಪ್ರತಿ ಹೆಜ್ಜೆಗೂ ಸ್ಮೃತಿಕೋಶದಿಂದ ಆಜ್ಞೆಯನ್ನು ತಂದು, ಅರ್ಥೈಸಿ, ಬಳಿಕ ದುಡಿಯಬೇಕು. ವೇಗವರ್ಧಕವೆಂಬುದು ತಂಬೂರಿ. ಅದಕ್ಕೆ ಒಂದೇ ಕೆಲಸ. ಆ ಕೆಲಸದ ಕ್ರಮವೇ ಮಂಡಲವಾಗಿ ಅದರ ಮೈಯಲ್ಲಿ ಇರುವುದರಿಂದ ಆಜ್ಞೆಗಾಗಿ ಕಾಯಬೇಕಿಲ್ಲ. ಇಂಥ ಮಂಡಲವನ್ನು ಕೈಯಿಂದ ರಚಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕಾಗಿ, ಸಿ ಭಾಷೆಯ ಪ್ರೋಗ್ರಾಮನ್ನೇ ಓದಿ ಮಂಡಲವನ್ನು ಹೆಣೆಯುವ ಕಂಪೈಲರುಗಳು ಬಂದಿವೆ. ಮುಂಬಯಿಯ ಐಐಟಿಯವರು 2007ರಲ್ಲಿ ಪ್ರಕಟಿಸಿದ ಇಂಥದೊಂದು ವ್ಯವಸ್ಥೆಯ ಹೆಸರು 'ಅಹಿರ್'. ಹೆಸರು ಕೇಳಿದೊಡನೆ ಮಿರಜಿನ ನನಗೆ ಅಹಿರ್ ಭೈರವವೇ ನೆನಪಾಯಿತು. ಅದು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಕೂಟವಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಚಿತ್ರಸಂಸ್ಕರಣಕ್ಕಾಗಿ ಇಂಥ ಕೆಲಸ ನಡೆದಿದೆ.

ತೊಡಕು ಎಲ್ಲಿದೆಯೆಂದರೆ, ಪ್ರೋಗ್ರಾಮು ಸಾಲಿನ ಬಳಿಕ ಸಾಲಾಗಿ ಇರುತ್ತದೆ. ಐದನೆಯ ಸಾಲು ನಾಲ್ಕನೆಯದಕ್ಕೆ ಕಾಯಲೇಬೇಕೇ ಎಂಬುದನ್ನು ಕಂಪೈಲರು ತಾನೇ ಕಂಡುಕೊಳ್ಳಬೇಕು. ಸಂದೇಹ ಬಂದರೆ ಕಾಯಿಸುತ್ತದೆ. ಬರೆಯುವವನೇ 'ಈ ಕೆಲಸಗಳು ಜೊತೆಯಾಗಿ ನಡೆಯಲಿ' ಎಂದು ಬೇರೆ ಬೇರೆ ಥ್ರೆಡ್‌ಗಳಾಗಿ ಬರೆದುಕೊಟ್ಟರೆ, ಒಂದೊಂದು ಥ್ರೆಡ್ಡಿಗೂ ಒಂದೊಂದು ಮಂಡಲ ಸಿದ್ಧವಾಗಬಲ್ಲುದು. ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ 'ಲೆಗಪ್' ಇದನ್ನು ಮಾಡಿ ತೋರಿಸಿದೆ. "ಥ್ರೆಡ್ಡಿಗೆ ಎಳೆ ಅನ್ನು" ಎಂದೆ. ಆತ ಒಪ್ಪಿದ.

"ಹಂಗಾದರ ಎಂಟು ಎಳೆ ಬರದರ ಎಂಟು ಪಟ್ಟು ವೇಗ ಏನು?"

"ಇಲ್ರಿ. ಅಲ್ಲಿ ನೋಡ್ರಿ."

ಒಳಗೆ ಒಬ್ಬ ಕುಂಬಳ ಬುರುಡೆಯನ್ನು ಕೊರೆಯುತ್ತಿದ್ದ, ಒಬ್ಬ ಕಟ್ಟಿಗೆ ಹೆರೆಯುತ್ತಿದ್ದ, ಇನ್ನೊಬ್ಬ ಮೆರುಗು ಹಚ್ಚುತ್ತಿದ್ದ. ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಆದರೆ ಮೂಲೆಯಲ್ಲಿ ಏಳೆಂಟು ತಂಬೂರಿಗಳು ಗೋಡೆಗೊರಗಿ ನಿಂತಿದ್ದವು. ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿ ಮೀಟಿ, ಕಿವಿಗೊಟ್ಟು, ಮತ್ತೆ ಉಜ್ಜಿ ಜವಾರಿ ತೆಗೆಯುವ ವೃದ್ಧರು ಅಲ್ಲಿ ಒಬ್ಬರೇ. ಮಂಡಲಗಳಲ್ಲಿಯೂ ಹೀಗೆಯೇ. ಚಿಪ್ಪಿನೊಳಗಿನ ಸ್ಮೃತಿಕೋಶವೊಂದಕ್ಕೆ ಸಾಮಾನ್ಯವಾಗಿ ಎರಡೇ ಬಾಗಿಲು. ಎಂಟು ಎಳೆಗಳೂ ಒಂದೇ ಕೋಶಕ್ಕೆ ಕೈಯೊಡ್ಡಿದರೆ ಆರು ಹೊರಗೆ ನಿಲ್ಲುತ್ತವೆ. ಯಾವ ದತ್ತಾಂಶವನ್ನು ಯಾವ ಕೋಶದಲ್ಲಿ ಹಂಚಿಡಬೇಕು, ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಬೀಗ ಎಲ್ಲಿರಬೇಕು ಎಂಬುದರಲ್ಲಿಯೇ ತನ್ನ ದಿನ ಕಳೆಯುತ್ತದೆ ಎಂದ.

ತಾಸು ಹೊತ್ತು ನಡೆದ ಈ ಪಾಠದಲ್ಲಿ ನಾನು ವಿದ್ಯಾರ್ಥಿ. ಭಾಷೆ ಆದ್ಯಂತ ಕನ್ನಡ. ತಡೆಯಲಾಗದೆ, ಆತನ ತಂದೆಗೆ ಅಂದು ನಾನು ಹೇಳಿದ್ದನ್ನು ಬಿಚ್ಚಿಟ್ಟೆ.

"ನನಗ ಗೊತ್ತದರಿ. ಅಪ್ಪ ಹೇಳ್ಯಾನ."

"ಮತ್ಯಾಕ ಅವರು ನಿನ್ನ ಕನ್ನಡದಾಗನ ಇಟ್ರು? ಅಭಿಮಾನ ಏನು?"

ಆತ ನಕ್ಕ. "ಮರಾಠಿ ಸಾಲಿ ಭಾಳ ದೂರ ಇತ್ರಿ. ನಮ್ಮ ಮನ್ಯಾಗ ಸೈಕಲ್ ಇರಲಿಲ್ಲ."

ಅಷ್ಟರಲ್ಲಿ ವೃದ್ಧರು ನಮ್ಮ ತಂಬೂರಿಯತ್ತ ಕೈ ತೋರಿಸಿ, ಇನ್ನೂ ಎಂಟು ದಿನ ಹಿಡಿಯುತ್ತದೆ ಎಂದರು.