ಹಂತಿಯ ಸುತ್ತು, ಅಲೆಯ ದಾರಿ

ಕನ್ನಡ ಮಾಧ್ಯಮದ ಮಕ್ಕಳಿಗೆ ಹೊಸ ವಿಜ್ಞಾನ ಎಟಕದೆಂಬ ಮಾತನ್ನು ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಪಾಲಕರಿಂದ ಮೇಲಿಂದ ಮೇಲೆ ಕೇಳುತ್ತೇನೆ. ಮಗಳ ವರ್ಗಾವಣೆ ಪತ್ರಕ್ಕಾಗಿ ಬಂದ ತಂದೆಯೊಬ್ಬರು ಈಚೆಗೆ, “ಕನ್ನಡದಾಗ ಇದೆಲ್ಲಾ ತಿಳೀತದೇನ್ರಿ ಸರ್?” ಎಂದರು. ಬಾಯಿಮಾತಿನ ಸಮಾಧಾನ ನನಗೆ ಒಗ್ಗದು. ಆಗ ನಾನು ಓದುತ್ತಿದ್ದ ಕಠಿಣ ವಿಷಯವೊಂದನ್ನೇ, ಒಂದೇ ದಿಕ್ಕಿಗೆ ಸಾಗುವ ಮೇಲ್ಮೈ ತರಂಗವನ್ನು, ಹತ್ತನೆಯ ತರಗತಿಗೆ ಒಯ್ದೆ.

ಎರಡು ವಸ್ತುಗಳು ಕೂಡುವ ಗಡಿಗೆ ಅಂಟಿಕೊಂಡು ಸಾಗುವ ವಿದ್ಯುತ್ಕಾಂತ ಅಲೆಯೇ ಮೇಲ್ಮೈ ತರಂಗ. ಗಡಿಯಿಂದ ದೂರ ಸರಿದಂತೆಲ್ಲ ಅದು ಕ್ಷೀಣಿಸುತ್ತದೆ. (ಗಡಿಯಲ್ಲೇ ಬಾಳುವ ನಮಗೆ ಇದು ಅಪರಿಚಿತ ಸಂಗತಿಯಲ್ಲ.) ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿಯವರು 1953ರಲ್ಲಿ ಮಿಷಿಗನ್‌ನಿಂದ ಡಾಕ್ಟರೇಟ್ ಪಡೆದು ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪತಿಯೊಡನೆ ಮೈಕ್ರೊವೇವ್ ಸಂಶೋಧನೆಯನ್ನು ಕಟ್ಟಿದರು, ತಂತಿಯ ಮೈಗುಂಟ ಹರಿಯುವ ಇಂಥ ಅಲೆಗಳೂ ಅವರ ಅಧ್ಯಯನದಲ್ಲಿದ್ದವು. ಆದರೆ ಬರಿಯ ತಂತಿಯ ಮೇಲಿನ ಅಲೆ ಹೋದ ದಾರಿಯಲ್ಲೇ ಮರಳಲೂಬಲ್ಲದು.

ಆ ಮರಳುದಾರಿಯನ್ನು ಅಯಸ್ಕಾಂತ ಮುಚ್ಚಬಲ್ಲದು. ಇಂಡಿಯಂ ಆಂಟಿಮೊನೈಡ್ ಎಂಬ ಅರೆವಾಹಕವನ್ನು ಅಯಸ್ಕಾಂತ ಕ್ಷೇತ್ರದಲ್ಲಿಟ್ಟರೆ, ಕಣದಲ್ಲಿ ಹಂತಿಯ ಎತ್ತುಗಳು ಮೇಟಿಯ ಸುತ್ತ ತಿರುಗುವಂತೆ, ಅದರೊಳಗಿನ ಇಲೆಕ್ಟ್ರಾನುಗಳು ಒಂದೇ ಕಡೆಗೆ ಸುತ್ತತೊಡಗುತ್ತವೆ. ಈ ಹರಳಿನಲ್ಲಿ ಇಲೆಕ್ಟ್ರಾನು ತನ್ನ ಸಹಜ ದ್ರವ್ಯರಾಶಿಯ ಸುಮಾರು 70ನೆಯ ಒಂದು ಪಾಲಷ್ಟೇ ಇದೆಯೋ ಎಂಬಂತೆ ವರ್ತಿಸುತ್ತದೆ. ಆದ್ದರಿಂದ ಅರ್ಧ ಟೆಸ್ಲಾದಷ್ಟು ಕ್ಷೇತ್ರದಲ್ಲೇ ಸೆಕೆಂಡಿಗೆ ಸುಮಾರು 1 ಲಕ್ಷ ಕೋಟಿ ಸುತ್ತು ಹಾಕುತ್ತದೆ. ಅದೇ ಒಂದು ಟೆರಾಹರ್ಟ್ಸ್. ಬಯಲಿನ ಇಲೆಕ್ಟ್ರಾನಿಗೆ ಇದೇ ವೇಗ ಬರಲು 35 ಟೆಸ್ಲಾಕ್ಕೂ ಮಿಕ್ಕ ಕ್ಷೇತ್ರ ಬೇಕು.

ಕ್ಷೇತ್ರವು ಮೇಲ್ಮೈಗೆ ಸಮಾಂತರವಾಗಿ, ಅಲೆಯ ದಾರಿಗೆ ಅಡ್ಡಲಾಗಿರಬೇಕು. ಮೇಲ್ಮೈ ತರಂಗದ ವಿದ್ಯುತ್ ಕ್ಷೇತ್ರವೂ ಸಾಗುತ್ತ ಸಾಗುತ್ತ ಸುತ್ತುತ್ತದೆ: ಬಲಕ್ಕೆ ಹೊರಟರೆ ಒಂದು ಸುತ್ತು, ಎಡಕ್ಕೆ ಹೊರಟರೆ ಅದರ ವಿರುದ್ಧ ಸುತ್ತು. ಒಂದು ಹಂತಿಯ ಜೊತೆಗೆ ಕೂಡುತ್ತದೆ, ಇನ್ನೊಂದು ಎದುರಾಗುತ್ತದೆ. ಹೀಗಾಗಿ ಕೆಲವು ಆವರ್ತನಗಳಲ್ಲಿ ಒಂದು ದಿಕ್ಕಿನ ಅಲೆ ಇರುವುದೇ ಇಲ್ಲ. ಇರುವ ಅಲೆಗೆ ದಾರಿಯಲ್ಲಿ ಉಬ್ಬುತಗ್ಗು ಎದುರಾದರೂ ಹಿಂದಕ್ಕೆ ಪುಟಿಯಲು ಎಡೆಯಿಲ್ಲ. ಬಳಸಿಕೊಂಡು ಮುಂದೆ ಹೋಗುತ್ತದೆ. ಹಾಗೆಂದು ಅದು ಅಮರವಲ್ಲ. ಹರಳು ಅಲೆಯ ಶಕ್ತಿಯನ್ನು ಹೀರಿ ಬಿಸಿಯಾಗುತ್ತದೆ. ಅಲೆ ಬೇಗನೆ ಸೊರಗುತ್ತದೆ. ಉತ್ಸಾಹದ ಬರಹಗಳು ಇದನ್ನು ಮೆಲ್ಲನೆ ಉಸುರುತ್ತವೆ.

ಕಪ್ಪುಹಲಗೆಯ ಮೇಲೆ ಹಂತಿಯ ಚಿತ್ರ ಬರೆದಿದ್ದೆ. ವರ್ಗಾವಣೆ ಪತ್ರ ಇನ್ನೂ ಕೈಸೇರದಿದ್ದ ಆ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ಅಯಸ್ಕಾಂತ ಉಲ್ಟಾ ಇಟ್ರೆ ಅಲೆ ಈ ಕಡೆ ಬರ್ತದಲ್ರಿ?”

ಬರುತ್ತದೆ.